ವಿದೇಶಕ್ಕೆ ಪಾರ್ಸೆಲ್: ಹಪ್ಪಳ ಕಳಿಸಿ, ಬಂಗಾರ ಬೇಡ

ಮಂಗಳೂರಿನಿಂದ ವಿದೇಶಕ್ಕೆ ತಿಂಡಿ, ಬಟ್ಟೆ ಕಳಿಸುವವರಿಗೆ ಅಂಚೆಯೇ ಸಾಕು. ಒಳಗೆ ಬಂಗಾರ, ಬೆಳ್ಳಿ ಇದ್ದರೆ ಮಾತ್ರ ಕೌಂಟರಿಗೆ ಹೋಗುವ ಮೊದಲು ಇದನ್ನು ಓದಿ.

ಕೆನಡಾದಲ್ಲಿರುವ ಅಕ್ಕನಿಗೆ ಹಲಸಿನ ಹಪ್ಪಳ, ಎರಡು ಕಾಟನ್ ಸೀರೆ ಪಾಂಡೇಶ್ವರದ ಹೆಡ್ ಪೋಸ್ಟಾಫೀಸಿನಿಂದ ಕಳಿಸಿದೆ. ಕಸ್ಟಮ್ಸ್ ಫಾರ್ಮಿನಲ್ಲಿ ಒಳಗೆ ಏನೇನಿದೆ, ಬೆಲೆ ಎಷ್ಟು ಅಂತ ಬರೆಯಬೇಕು. ಟ್ರ್ಯಾಕಿಂಗ್ ನಂಬರ್ ಕೊಟ್ಟರು, ಸರಿಯಾಗಿ ತಲುಪಿತು. ಹಪ್ಪಳ ಸ್ವಲ್ಪ ಪುಡಿಯಾಗಿತ್ತಂತೆ, ಅದು ನಾನು ಪ್ಯಾಕ್ ಮಾಡಿದ್ದರ ಫಲ ಇರಬಹುದು.

ಆಮೇಲೆ ಅಕ್ಕನ ಮಗುವಿಗೆ ಬೆಳ್ಳಿ ಉಡಿದಾರ, ಸಣ್ಣ ಚಿನ್ನದ ಸರ ಕಳಿಸುವ ಆಸೆ ಅಮ್ಮನಿಗೆ. ನಗರದ ಒಂದು ಕೊರಿಯರ್ ಏಜೆನ್ಸಿಯಲ್ಲಿ ಕೇಳಿದರೆ, "ಇಮಿಟೇಶನ್ ಅಂತ ಬರೆದು ಕಳಿಸುವ, ಅಕ್ಕ, ಎಂತ ಸಾ ಆಗುದಿಲ್ಲ" ಅಂದರು. ಇದಕ್ಕೇ ಅವರಿಗೆ ಒಂದು ಸ್ಟಾರ್. ಎಂಟುನೂರು ರೂಪಾಯಿ ಅಂತ ನಾವೇ ಬರೆದುಕೊಟ್ಟ ವಸ್ತು ಕಳೆದುಹೋದರೆ ಅದರ ನಿಜ ಬೆಲೆ ಅರವತ್ತು ಸಾವಿರ ಯಾರು ಕೊಡುತ್ತಾರೆ? ಸುಳ್ಳು ಬರೆದದ್ದು ಆ ಕಡೆಯ ಕಸ್ಟಮ್ಸ್‌ಗೆ ಗೊತ್ತಾಗಿ ಜಪ್ತಿಯಾದರೆ ಅದಕ್ಕೂ ಪರಿಹಾರ ಇಲ್ಲ.

ಸರಿಯಾಗಿ ಬರೆದರೂ ಲೆಕ್ಕ ನಮ್ಮ ಪರವಾಗಿಲ್ಲ. ಕೊರಿಯರಿನ ಪೊಟ್ಟಣ ವಿಮಾನದ ಸರಕಾಗಿ ಹೋದರೆ ಅದಕ್ಕೆ ಮಾಂಟ್ರಿಯಲ್ ಒಪ್ಪಂದ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. ಬೆಲೆ ಮೊದಲೇ ಘೋಷಿಸಿ ಹೆಚ್ಚುವರಿ ಹಣ ಕಟ್ಟದಿದ್ದರೆ, ವಿಮಾನ ಕಂಪನಿಯ ಹೊಣೆ ಕಿಲೋಗೆ 26 ಎಸ್‌ಡಿಆರ್‌ಗೆ ನಿಲ್ಲುತ್ತದೆ. ಎಸ್‌ಡಿಆರ್ ಅಂದರೆ ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿಯ) ಲೆಕ್ಕದ ಹಣ, ಒಂದಕ್ಕೆ ಸುಮಾರು 120 ರೂಪಾಯಿ. ನೂರು ಗ್ರಾಂ ಪೊಟ್ಟಣಕ್ಕೆ ಹೆಚ್ಚೆಂದರೆ ಮುನ್ನೂರು ಚಿಲ್ಲರೆ ರೂಪಾಯಿ ಆಯಿತು, ಅದರೊಳಗೆ ಏನೇ ಇರಲಿ!

ಅಂಚೆಯೂ ತೂಕವನ್ನೇ ನೋಡುತ್ತದೆ. ವಿಶ್ವ ಅಂಚೆ ಒಕ್ಕೂಟದ ನಿಯಮದಲ್ಲಿ ಇನ್ಶೂರ್ ಮಾಡದ ಪಾರ್ಸೆಲ್ ಕಳೆದರೆ 40 ಎಸ್‌ಡಿಆರ್, ಅದರ ಮೇಲೆ ಕಿಲೋಗೆ 4.50, ಅದೇ ಮಿತಿ. ಎರಡು ಕಿಲೋಗೆ ಐದಾರು ಸಾವಿರ ಆಗಬಹುದು. ಹಪ್ಪಳಕ್ಕೆ ಧಾರಾಳ, ಸರಕ್ಕೆ ಏನೂ ಅಲ್ಲ. ಇನ್ಶೂರ್ ಮಾಡದ ಪೊಟ್ಟಣದಲ್ಲಿ ಚಿನ್ನ, ಬೆಳ್ಳಿ, ನೋಟು ಹಾಕಬಾರದು ಅಂತಲೂ ನಿಯಮ ಇದೆ. ಇನ್ಶೂರೆನ್ಸ್ ಸೇವೆ ಎಲ್ಲ ದೇಶಕ್ಕೂ ಕಡ್ಡಾಯ ಅಲ್ಲ, ಹೋಗುವ ದೇಶವೂ ಒಪ್ಪಬೇಕು.

ಕೋರ್ಟಿಗೆ ಹೋಗುತ್ತೇನೆ ಅನ್ನುವವರಿಗೆ: 1898ರ ಹಳೇ ಅಂಚೆ ಕಾಯ್ದೆಯಲ್ಲೂ ಇಲಾಖೆಗೆ ರಕ್ಷಣೆ ಇತ್ತು, 2024ರ ಜೂನ್ 18ರಿಂದ ಬಂದ ಹೊಸ ಕಾಯ್ದೆಯಲ್ಲೂ ಇದೆ. ನಿಯಮದಲ್ಲಿ ಹೇಳಿದಷ್ಟೇ ಹೊಣೆ. ಇದು ನನಗೆ ಸ್ವಲ್ಪವೂ ಇಷ್ಟ ಆಗಲಿಲ್ಲ. ಶುಲ್ಕ ತೆಗೆದುಕೊಳ್ಳುವವರು ಮಿತಿಯನ್ನು ಕೌಂಟರಿನ ಮೇಲೆ ದೊಡ್ಡದಾಗಿ ಬರೆದು ಹಾಕಬಹುದಲ್ವಾ?

ಉಡಿದಾರ, ಸರ ಎರಡೂ ಕಪಾಟಿನಲ್ಲೇ ಇವೆ, ಡಿಸೆಂಬರಿನಲ್ಲಿ ಭಾವ ಬಂದಾಗ ಕೈಯಲ್ಲಿ ಕೊಡುತ್ತೇವೆ. ಮಾಮೂಲಿ ಪಾರ್ಸೆಲ್ ಕಳಿಸುವವರು ರಸೀದಿ ಬಿಸಾಡಬೇಡಿ. ಕಳೆದರೆ ಆರು ತಿಂಗಳೊಳಗೆ ದೂರು ಕೊಡಬೇಕು, ಪರಿಹಾರದ ಹಣ ಸಾಮಾನ್ಯವಾಗಿ ಕಳಿಸಿದವರಿಗೇ ಬರುವುದು.