ಸೆಗ್ಮೆಂಟೇಶನ್‌ಗೆ ಓಟಿಬಿ, ಗ್ರಾಸ್, ಅರ್ಥ್ ಎಂಜಿನ್: ಹೋಲಿಕೆ

ಉಪಗ್ರಹ ಚಿತ್ರದಲ್ಲಿ ಒಂದೊಂದೇ ಪಿಕ್ಸೆಲ್ ಬಿಟ್ಟು ಸೆಗ್ಮೆಂಟ್ (ಒಂದೇ ತೆರನಾದ ಅಕ್ಕಪಕ್ಕದ ಪಿಕ್ಸೆಲ್‌ಗಳ ತುಂಡು) ಹಿಡಿದು ಭೂಹೊದಿಕೆ ವರ್ಗೀಕರಿಸುವುದಾದರೆ ನನ್ನ ಓಟು ಆರ್ಫಿಯೋ ಟೂಲ್‌ಬಾಕ್ಸ್‌ಗೆ, ಅಂದರೆ ಓಟಿಬಿಗೆ. ಹೋಲಿಸಿದ್ದು ಅದನ್ನು ಮತ್ತೊಂದು ಉಚಿತ ತಂತ್ರಾಂಶ ಗ್ರಾಸ್ ಮತ್ತು ಗೂಗಲ್‌ನ ಕ್ಲೌಡ್ ಸೇವೆ ಅರ್ಥ್ ಎಂಜಿನ್ ಜೊತೆ. ಮೂರಕ್ಕೂ ಕೊಟ್ಟಿದ್ದು ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಬ್ಯಾಂಡ್‌ಗಳು: ಬಿ2, ಬಿ3, ಬಿ4, ಬಿ8 (ನೀಲಿ, ಹಸಿರು, ಕೆಂಪು, ಸಮೀಪ ಅತಿಗೆಂಪು).

ಅರ್ಥ್ ಎಂಜಿನ್‌ನ ಎಸ್‌ಎನ್‌ಐಸಿ ಎಂಬ ಸೆಗ್ಮೆಂಟೇಶನ್ ವಿಧಾನ ಮೊದಲ ನೋಟಕ್ಕೆ ಯಾರಿಗಾದರೂ ಹಿಡಿಸುತ್ತದೆ. ಡೌನ್‌ಲೋಡ್ ಇಲ್ಲ, ನಾಲ್ಕು ಸಾಲು ಕೋಡ್ ಬರೆದರೆ ಸಾಕು. ಕಿರಿಕಿರಿ ಶುರುವಾಗುವುದು ಜೂಮ್ ಬದಲಿಸಿದಾಗ. ಸೀಡ್‌ಗಳ (ತುಂಡುಗಳು ಬೆಳೆಯತೊಡಗುವ ಬಿಂದುಗಳ) ಅಂತರ ಹೇಳುವ ಸೈಜ್ 20 ಎಂದರೆ 20 ಪಿಕ್ಸೆಲ್, ಸರಿ. ಆದರೆ ಅದು ಸ್ಕ್ರೀನ್ ಆ ಹೊತ್ತಿಗೆ ಕೇಳುವ ಪಿಕ್ಸೆಲ್. 10 ಮೀಟರ್ ಲೆಕ್ಕದಲ್ಲಿ ಸೀಡ್‌ಗಳ ಅಂತರ 200 ಮೀಟರ್ ಆಗಬೇಕು. ಜೂಮ್ 10ರಲ್ಲಿ, ಸಮಭಾಜಕದ ಬಳಿ, ಒಂದು ಪಿಕ್ಸೆಲ್ ಸುಮಾರು 153 ಮೀಟರ್; ಅದೇ 20 ಮೂರು ಕಿಲೋಮೀಟರ್ ಆಗಿಬಿಡುತ್ತದೆ. ಸ್ಕ್ರೀನ್ ನೋಡಿ ಹೊಂದಿಸಿದ್ದೇ ಒಂದು, ಎಕ್ಸ್‌ಪೋರ್ಟ್ ಆಗಿ ಬರುವುದೇ ಇನ್ನೊಂದು.

ರೀಪ್ರೊಜೆಕ್ಟ್ ಆಜ್ಞೆ ಹಾಕಿ ಸ್ಕೇಲ್ (ಪಿಕ್ಸೆಲ್ ಅಳತೆ) 10 ಮೀಟರ್‌ಗೆ ಕಟ್ಟಿಹಾಕಬಹುದು. ಆಮೇಲೆ ಜೂಮ್ ಔಟ್ ಮಾಡಿದಿರೋ, ಔಟ್‌ಪುಟ್ ತೀರಾ ದೊಡ್ಡದಾಯಿತು ಎಂಬ ಎರರ್. ಹಾಗಾಗಿ ಸೆಗ್ಮೆಂಟ್‌ಗಳನ್ನು ಮೊದಲು ಅಸೆಟ್‌ಗೆ (ಅರ್ಥ್ ಎಂಜಿನ್‌ನಲ್ಲೇ ಉಳಿಸಿಟ್ಟ ಫೈಲ್) ಎಕ್ಸ್‌ಪೋರ್ಟ್ ಮಾಡಿ, ಅದರ ಮೇಲೆಯೇ ಟ್ರೈನಿಂಗ್ ಸ್ಯಾಂಪಲ್ ತೆಗೆಯುವುದು ವಾಸಿ. ಆಗ ಪಿರಮಿಡ್ ಪಾಲಿಸಿಯನ್ನು (ಜೂಮ್ ಔಟ್‌ಗೆಂದು ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸುವ ನಿಯಮ) ಮೋಡ್, ಅಂದರೆ ಅತಿ ಹೆಚ್ಚು ಬಾರಿ ಬಂದ ಬೆಲೆ, ಎಂದು ಬದಲಿಸಿ. ಡೀಫಾಲ್ಟ್ ಇರುವುದು ಸರಾಸರಿ. ಸೆಗ್ಮೆಂಟ್ ನಂಬರ್‌ಗಳ ಸರಾಸರಿ ತೆಗೆದು ಯಾರಿಗೇನು ಪ್ರಯೋಜನ? ಇಷ್ಟೆಲ್ಲ ಆದಮೇಲೂ ಅಂಕಿಅಂಶ ತೆಗೆಯುವ ರೆಡ್ಯೂಸ್‌ಕನೆಕ್ಟೆಡ್‌ಕಾಂಪೊನೆಂಟ್ಸ್, ಡೀಫಾಲ್ಟ್ ಆಗಿ ಉದ್ದದಲ್ಲೋ ಅಗಲದಲ್ಲೋ 256 ಪಿಕ್ಸೆಲ್ ದಾಟಿದ ತುಂಡನ್ನು ಮಾಸ್ಕ್ ಮಾಡುತ್ತದೆ. ನದಿ ಒಂದೇ ಉದ್ದ ತುಂಡಾಗಿದ್ದರೆ ಅಲ್ಲಿ ನಕ್ಷೆ ಖಾಲಿ.

ಗ್ರಾಸ್‌ನ ಐ.ಸೆಗ್ಮೆಂಟ್‌ನಲ್ಲಿ ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸದವರೆಗೆ ಒಂದಾಗಿಸಬೇಕು ಎಂಬ ಮಿತಿ) 0.02ರಿಂದ ಶುರುಮಾಡಿ. ಬ್ಯಾಂಡ್‌ನ ಕನಿಷ್ಠ-ಗರಿಷ್ಠ ನೋಡಿ ಅದು ತಾನೇ ಸ್ಕೇಲ್ ಮಾಡಿಕೊಳ್ಳುವುದರಿಂದ, ಮೂಲೆಯಲ್ಲೊಂದು ಬೆಳ್ಳನೆಯ ಮೋಡ ಉಳಿದರೂ ಹೊಲ-ಕಾಡಿನ ಅಂತರ ಕುಗ್ಗಿ ಎರಡೂ ಅಂಟಿಕೊಳ್ಳುತ್ತವೆ.

ಓಟಿಬಿಯ ಲಾರ್ಜ್‌ಸ್ಕೇಲ್‌ಮೀನ್‌ಶಿಫ್ಟ್‌ನಲ್ಲಿ ಡೀಫಾಲ್ಟ್ ನಂಬಬೇಡಿ. ರೇಂಜ್ ರೇಡಿಯಸ್ (ಒಂದೇ ತುಂಡಿಗೆ ಸೇರುವ ಪಿಕ್ಸೆಲ್ ಬೆಲೆಗಳ ನಡುವೆ ಇರಬಹುದಾದ ಅಂತರ) 15 ಎಂಬುದು 8-ಬಿಟ್ (0–255) ಚಿತ್ರಕ್ಕೆ ಒಗ್ಗುತ್ತದೆ. 10000ದಿಂದ ಗುಣಿಸಿದ ರಿಫ್ಲೆಕ್ಟೆನ್ಸ್‌ಗೆ ಅದು ಏನೂ ಅಲ್ಲ, ಚಿತ್ರ ಚೂರುಚೂರಾಗುತ್ತದೆ. 200–400ರ ನಡುವೆ ಹುಡುಕಿ. ಮಿನಿಮಮ್ ಸೈಜ್ 50 ಪಿಕ್ಸೆಲ್ ಅಂದರೆ ಅರ್ಧ ಹೆಕ್ಟೇರ್. ಸಣ್ಣ ಹೊಲಗಳಿದ್ದರೆ 20ಕ್ಕೆ ಇಳಿಸಿ. ಎನ್‌ಡಿವಿಐ (ಹಸಿರಿನ ಸೂಚ್ಯಂಕ, -1ರಿಂದ 1) ಐದನೇ ಬ್ಯಾಂಡ್ ಆಗಿ ಸೇರಿಸುವುದಾದರೆ ಕೆಲವು ಸಾವಿರದಿಂದ ಗುಣಿಸಿ ಸೇರಿಸಿ, ಇಲ್ಲವಾದರೆ ಅದು ಇದ್ದೂ ಇಲ್ಲದಂತೆ. ವೆಕ್ಟರ್ ಔಟ್‌ಪುಟ್‌ನಲ್ಲಿ ಪ್ರತಿ ತುಂಡಿನ ಸರಾಸರಿ, ವೇರಿಯನ್ಸ್, ಪಿಕ್ಸೆಲ್ ಎಣಿಕೆ ತಾನಾಗಿಯೇ ಬರುತ್ತವೆ, ವರ್ಗದ ಕಾಲಂ ಒಂದು ಸೇರಿಸಿ ವರ್ಗೀಕರಣ ಕಲಿಸುವ ಟ್ರೈನ್‌ವೆಕ್ಟರ್‌ಕ್ಲಾಸಿಫೈಯರ್‌ಗೆ ಕೊಡಬಹುದು. ನಿಧಾನ, ಹೌದು.

ಇದೇ ಕೆಲಸದ ವಾಣಿಜ್ಯ ತಂತ್ರಾಂಶ ಇಕಾಗ್ನಿಷನ್‌ನ ಲೈಸೆನ್ಸ್ ನನ್ನ ಬಜೆಟ್‌ಗೆ ಎಟುಕದು. ಪ್ರತಿ ಹಂಗಾಮಿಗೂ ಅದೇ ಜಾಗ, ಅದೇ ಸ್ಕ್ರಿಪ್ಟ್, ರಾತ್ರಿ ಓಡಲು ಬಿಟ್ಟು ಮಲಗುವ ಅಭ್ಯಾಸ ನನ್ನದು. ಅದಕ್ಕೆ ಓಟಿಬಿಯೇ ಸರಿ. ಇಡೀ ರಾಜ್ಯದಷ್ಟು ಜಾಗ ಒಮ್ಮೆಲೇ ಮಾಡುವವರು ಮೇಲಿನ ಕಿರಿಕಿರಿ ಸಹಿಸಿಕೊಂಡು ಅರ್ಥ್ ಎಂಜಿನ್‌ಗೇ ಹೋಗಿ.