ನಾಲ್ಕು ಪಾರ್ಟಿ, ನಾಲ್ಕು ದಾರಿ: ಬಾಕಿ ವಸೂಲಿಗೆ ಯಾವುದು ಕೆಲಸಕ್ಕೆ ಬಂತು?

ರಟ್ಟಿನ ಡಬ್ಬ ಮಾಡುವ ಸಣ್ಣ ಘಟಕ ನನ್ನದು. ಮಾಲು ಕೊಟ್ಟು ಆಮೇಲೆ ದುಡ್ಡಿಗೆ ಅಲೆಯುವುದು ಈ ಧಂದೆಯಲ್ಲಿ ಮಾಮೂಲು. ಫೋನ್ ಮಾಡಿ ಮಾಡಿ ಸಾಕಾಗಿ, ಏಳೆಂಟು ವರ್ಷದಲ್ಲಿ ನಾಲ್ಕು ಪಾರ್ಟಿಗಳ ಮೇಲೆ ಕಾನೂನು ಹಿಡಿದು ಹೋಗಿದ್ದೇನೆ. ನಾಲ್ಕೂ ಬೇರೆ ಬೇರೆ ದಾರಿ. ನಾನು ಲಾಯರ್ ಅಲ್ಲ, ಕೈ ಸುಟ್ಟುಕೊಂಡವನು ಅಷ್ಟೆ.

ಮೊದಲನೆಯದು ಚೆಕ್ ಬೌನ್ಸ್ ಕೇಸು, ಅದೇ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ಹೆದರಿಸುವುದರಲ್ಲಿ ಇದನ್ನು ಮೀರಿದ್ದಿಲ್ಲ. ಇದು ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ಆದರೆ ಲೆಕ್ಕವೆಲ್ಲ ದಿನದ್ದು. ಬ್ಯಾಂಕಿನಿಂದ ಚೆಕ್ ವಾಪಸ್ ಬಂದ ವಿಷಯ ಗೊತ್ತಾದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ಸಿಕ್ಕ ಮೇಲೆ ಅವನಿಗೆ 15 ದಿನ. ಅಷ್ಟರಲ್ಲೂ ಕೊಡದಿದ್ದರೆ ಒಂದು ತಿಂಗಳೊಳಗೆ ನಾವು ದೂರು ಕೊಡಬೇಕು. ನನ್ನ ಪಾರ್ಟಿ ಹನ್ನೆರಡನೇ ದಿನ ತಾನೇ ಫೋನ್ ಮಾಡಿದ. ಅದುವರೆಗೆ ನನ್ನ ಕರೆ ಎತ್ತದವನು!

ಇದರಲ್ಲಿ ಒಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಅದೇ ಪಾರ್ಟಿಯ ಇನ್ನೊಂದು ಚೆಕ್ ನನ್ನ ಹತ್ತಿರ ಇತ್ತು. ನಡುವೆ ಆತ ಒಂದಷ್ಟು ಹಣ ಖಾತೆಗೆ ಹಾಕಿದ್ದ. ನಾನು ಸುಮ್ನೆ ಪೂರ್ತಿ ಮೊತ್ತಕ್ಕೇ ಚೆಕ್ ಹಾಕಲು ಹೊರಟಿದ್ದೆ. ಲಾಯರ್ ತಡೆದರು. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ನಿಲ್ಲುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಹಳೆಯದನ್ನು ವಾಪಸ್ ಕೊಟ್ಟು, ಉಳಿದ ಬಾಕಿಗೆ ಹೊಸ ಚೆಕ್ ಬರೆಸಿಕೊಂಡೆ.

ಎರಡನೆಯದು ಐಬಿಸಿ, ಅಂದರೆ ಬಾಕಿ ಕೊಡದ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಬಹುದಾದ ದಿವಾಳಿ ಸಂಹಿತೆ. 2019ರಲ್ಲಿ ಒಂದು ಕಂಪನಿಗೆ ನೋಟಿಸ್ ಕಳಿಸಿದೆ. ಹತ್ತು ದಿನದ ಗಡುವು, ಎಂಟನೇ ದಿನ ದುಡ್ಡು ಬಂತು. ಆಗ ಒಂದು ಲಕ್ಷ ಬಾಕಿ ಇದ್ದರೂ ಸಾಕಿತ್ತು. 2020ರ ಮಾರ್ಚಿನಿಂದ ಅದು ಒಂದು ಕೋಟಿ ಆಗಿದೆ. ನನ್ನಂಥವರ ಮಟ್ಟಿಗೆ ಬಾಗಿಲು ಮುಚ್ಚಿದ ಹಾಗೆಯೇ.

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಂಥ ಸಣ್ಣ ಉತ್ಪಾದಕರಿಗೆಂದೇ ಇರುವ ದಾರಿ ಇದು, ಆದರೂ ಎಷ್ಟೋ ಜನರಿಗೆ ಗೊತ್ತಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದು ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ. ನನ್ನ ಪಾರ್ಟಿಯ ಪರ್ಚೇಸ್ ಆರ್ಡರಿನಲ್ಲಿ '90 ದಿನ ಕ್ರೆಡಿಟ್' ಎಂದು ಅಚ್ಚಾಗಿತ್ತು. ಅದಕ್ಕೆ ಅಲ್ಲಿ ಬೆಲೆಯಿಲ್ಲ. ಬಡ್ಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ ಶೇ 6.75 ಇದ್ದಾಗ ನನಗೆ ಬರಬೇಕಿದ್ದುದು ಶೇ 20.25. ಬಿಲ್ಲಿನ ಪಕ್ಕ ಬಡ್ಡಿಯ ಲೆಕ್ಕ ಬರೆದು ಕಳಿಸಿದ ದಿನವೇ ಅವರ ಅಕೌಂಟೆಂಟ್ ಮಾತಿನ ಧಾಟಿ ಬದಲಾಯಿತು.

ನಾನು ಆಗ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಅದು ಫೆಸಿಲಿಟೇಶನ್ ಕೌನ್ಸಿಲ್‌ಗೆ, ಅಂದರೆ ಇಂಥ ಬಾಕಿ ವ್ಯಾಜ್ಯ ನೋಡುವ ರಾಜ್ಯದ ಮಂಡಳಿಗೆ ಹೋಯಿತು. ಮೊದಲು ರಾಜಿ, ಆಗದಿದ್ದರೆ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗೆ ಪಂಚರು ಕೊಡುವ ತೀರ್ಪು. ಕಾಯ್ದೆಯಲ್ಲಿ 90 ದಿನ ಎಂದಿದೆ. ನನ್ನದು ಒಂದೂವರೆ ವರ್ಷ ಹಿಡಿಯಿತು. ಆದರೂ ಈ ದಾರಿ ನನಗೆ ಹಿಡಿಸಿದ್ದು ಒಂದು ಕಾರಣಕ್ಕೆ. ತೀರ್ಪನ್ನು ಪ್ರಶ್ನಿಸಬೇಕಾದರೆ ಪಾರ್ಟಿ ಮೊದಲು ಶೇ 75ರಷ್ಟು ಹಣ ಕೋರ್ಟಿನಲ್ಲಿ ಇಡಬೇಕು. ಅಷ್ಟು ಇಡುವುದಾದರೆ ಕೊಟ್ಟುಬಿಡುವುದೇ ವಾಸಿ ಅಲ್ವಾ? ನನ್ನ ಪಾರ್ಟಿ ಕೊನೆಗೆ ಮಾಡಿದ್ದೂ ಅದನ್ನೇ, ಬಡ್ಡಿಯಲ್ಲಿ ಸ್ವಲ್ಪ ಬಿಡಿಸಿಕೊಂಡು. ಒಂದು ಮಾತು: ಇದು ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಮಾತ್ರ. ಮೀಡಿಯಂಗೆ ಇಲ್ಲ, ಬರೀ ಕೊಂಡು ಮಾರುವ ವ್ಯಾಪಾರಿಗಳಿಗೂ ಇಲ್ಲ.

ಹಾಗೆ ನೋಡಿದರೆ ಕೌನ್ಸಿಲ್‌ಗಿಂತ ಜಾಸ್ತಿ ದುಡ್ಡು ತರಿಸಿದ್ದು ಆದಾಯ ತೆರಿಗೆಯ ಒಂದು ನಿಯಮ. 2023-24ನೇ ಸಾಲಿನಿಂದ, ನಮ್ಮಂಥ ಘಟಕಗಳ ಬಿಲ್ಲನ್ನು ಈ ಗಡುವಿನೊಳಗೆ ಕೊಡದೆ ವರ್ಷ ದಾಟಿಸಿದರೆ, ಕೊಂಡವರು ಅದನ್ನು ಆ ವರ್ಷದ ಖರ್ಚಿಗೆ ತೋರಿಸುವಂತಿಲ್ಲ. ಈಗ ಮಾರ್ಚ್ ಬಂದರೆ ಅವರೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್, ಅಂದರೆ ಈ ಕಾಯ್ದೆಯಡಿ ನೋಂದಣಿಯ ಪತ್ರ ಕೇಳುತ್ತಾರೆ. ಒಬ್ಬ ಮಹಾಶಯ ಮಾತ್ರ 'ಆ ನೋಂದಣಿ ರದ್ದು ಮಾಡಿಸಿಬಿಡಿ, ಆರ್ಡರ್ ಜಾಸ್ತಿ ಕೊಡ್ತೀನಿ' ಎಂದ. ಮಾಡಿಸಲಿಲ್ಲ.

ನಾಲ್ಕನೆಯದು ಸಮ್ಮರಿ ಸೂಟ್, ಅಂದರೆ ಪೂರ್ತಿ ವಿಚಾರಣೆಯಿಲ್ಲದೆ ಬೇಗ ಮುಗಿಸಬಹುದಾದ ದಾವೆ; ಸಿವಿಲ್ ಪ್ರೊಸೀಜರ್ ಕೋಡಿನ 37ನೇ ಆರ್ಡರ್. ಇದಕ್ಕೂ ಕೌನ್ಸಿಲ್‌ಗೇ ಹೋಗಬೇಕೆಂದಿದ್ದೆ. ಆದರೆ ಆ ಬಿಲ್ಲುಗಳು ನಾನು ನೋಂದಣಿ ಮಾಡಿಸುವ ಮುಂಚಿನವು. ಅಂಥ ಬಿಲ್ಲು ಅಲ್ಲಿ ನಿಲ್ಲುವುದು ಕಷ್ಟ ಎಂದರು ಲಾಯರ್. ದಾವೆ ಹಾಕಲು ಇರುವ ಮೂರು ವರ್ಷದ ಕಾಲಮಿತಿ ಬೇರೆ ಹತ್ತಿರ ಬರುತ್ತಿತ್ತು.

ಕೇಳಲು ಈ ದಾರಿ ಚೆನ್ನಾಗಿದೆ. ಎದುರು ಪಾರ್ಟಿ ಹತ್ತು ದಿನದೊಳಗೆ ಹಾಜರಾಗಬೇಕು. ವಾದ ಮಾಡಬೇಕಾದರೂ ಮೊದಲು ಕೋರ್ಟಿನ ಅನುಮತಿ ಕೇಳಬೇಕು. ಸಿಗದಿದ್ದರೆ ನೇರ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು. ಆದರೆ ಮೂರು ಲಕ್ಷ ಮತ್ತು ಮೇಲಿನ ವ್ಯಾಪಾರದ ದಾವೆ ಹಾಕುವ ಮುಂಚೆ, ತಡೆಯಾಜ್ಞೆಯಂಥ ತುರ್ತು ಪರಿಹಾರ ಬೇಕಿಲ್ಲದಿದ್ದರೆ, ಮೀಡಿಯೇಶನ್‌ಗೆ (ಮಧ್ಯಸ್ಥರ ಮುಂದೆ ಮಾತುಕತೆಗೆ) ಹೋಗಲೇಬೇಕು. ಹೋದೆ. ಪಾರ್ಟಿ ಬರಲೇ ಇಲ್ಲ. ಬರಲಿಲ್ಲ ಎಂಬ ವರದಿ ಹಿಡಿದುಕೊಂಡು ದಾವೆ ಹಾಕಿದೆ, ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಿದೆ. ಆಗ ಪಾರ್ಟಿ 'ಇಷ್ಟು ಮಾಲು ನಮಗೆ ಬಂದೇ ಇಲ್ಲ' ಎಂದಿತು. ಮಾಲು ಇಳಿಸಿದ್ದಕ್ಕೆ ಸಹಿ ಹಾಕಿಸಿಕೊಂಡ ನನ್ನ ಚಲನ್ ತೆಗೆದು ನೋಡಿದರೆ ಗೇಟಿನ ವಾಚ್‌ಮನ್ ಗೀಚಿದ ಸಹಿ ಇದೆ, ಸೀಲ್ ಇಲ್ಲ. ವಾದ ಮಾಡಲು ಪಾರ್ಟಿಗೆ ಅನುಮತಿ ಸಿಕ್ಕಿಬಿಟ್ಟಿತು. ಸಮ್ಮರಿ ಹೋಗಿ ಮಾಮೂಲು ದಾವೆಯಾಯಿತು.

ಅದು ಇನ್ನೂ ನಡೆಯುತ್ತಿದೆ. ಈಗ ನಮ್ಮ ಡ್ರೈವರ್ ಸ್ಟೋರಿನ ಸೀಲ್ ಬೀಳುವವರೆಗೆ ಗಾಡಿಯಿಂದ ಒಂದು ಬಂಡಲ್ಲೂ ಇಳಿಸುವುದಿಲ್ಲ. ಬಿಸಿಲಲ್ಲಿ ಕಾಯಿಸುತ್ತೀರಿ ಎಂದು ನನ್ನನ್ನೇ ಬೈದುಕೊಳ್ಳುತ್ತಾನೆ.