ಉರಿ ಬಂದರೆ ಒಳ್ಳೆಯದು ಅಂದರು, ನಂಬಿಬಿಟ್ಟೆ: ಪದೇ ಪದೇ ಕೈ ತೊಳೆಯುವವರು ಸೋಪು ಕೊಳ್ಳುವ ಮುಂಚೆ ಇದನ್ನು ಓದಿ

ಸೋಪು ಹಾಕಿ ಕೈ ತೊಳೆದಾಗ ಉರಿ ಬಂದರೆ ಆ ಸೋಪನ್ನು ಅವತ್ತೇ ನಿಲ್ಲಿಸಿ. ಯಾರು ಏನೇ ಹೇಳಲಿ, ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ. 18 ದಿನ ಬಳಸಿದೆ. ನಾನೊಬ್ಬಳೇ ಅಲ್ಲ, ಇನ್ನೊಬ್ಬರ ಕೈಗೂ ಅದನ್ನೇ ಕೊಟ್ಟೆ. ಆ ಸಂಕಟ ತಡೆಯಲಾಗದೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು. ಅತ್ತೆಗೆ ಹೋದ ವರ್ಷ ಸ್ಟ್ರೋಕ್ ಆಯಿತು, ಹಾಸಿಗೆ ಹಿಡಿದಿದ್ದಾರೆ. ಮೂಗಿನ ಟ್ಯೂಬಿನಲ್ಲೇ ಊಟ. ಡೈಪರ್ ಬದಲಿಸಬೇಕು, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಬೇಕು, ಮಧ್ಯೆ ಮನೆಯ ಅಡುಗೆ. ಪ್ರತಿ ಸಲವೂ ಕೈ ತೊಳೆಯಲೇಬೇಕು. ಒಂದು ದಿನ ಎಣಿಸಿದೆ, 31 ಸಲ. ಹಗಲು ಹೊತ್ತು ಸಹಾಯಕ್ಕೆ ಒಬ್ಬ ಅಕ್ಕ ಬರುತ್ತಾರೆ, ಅವರದ್ದೂ ಇಷ್ಟೇ. ಮೇಲೆ ನಮ್ಮದು ಬೋರ್ ನೀರು, ಗಡಸು. ಬಕೆಟ್ಟಿಗೆ ಬಿಳಿ ಪದರ ಕಟ್ಟುವ ನೀರು. ಮೊದಲು ಕ್ರಿಮಿ ಸಾಯುತ್ತದೆ ಅಂತ ಜಾಹೀರಾತು ಕೊಡುವ ಸೋಪು ಇಟ್ಟಿದ್ದೆ. ಕೈ ಒಣಗಿ ಬಿಳಿಚಿಕೊಳ್ಳುತ್ತಿತ್ತು, ಆದರೆ ಒಡೆದಿರಲಿಲ್ಲ. ಒಡೆದಿರಲಿಲ್ಲ ಅನ್ನುವುದನ್ನು ಗಮನಿಸಿ.

ಆಗಲೇ ಫೋನಿನಲ್ಲಿ ಆ ಸೋಪು ಕಂಡಿತು. ಮನೆಯಲ್ಲೇ ಮಾಡಿದ್ದು, ಕೆಮಿಕಲ್ ಇಲ್ಲ, ಕಾಸ್ಟಿಕ್ (ಎಣ್ಣೆಯನ್ನು ಸೋಪು ಮಾಡುವ ಕಟುವಾದ ಕ್ಷಾರ) ಇಲ್ಲ, ಶುದ್ಧ ಶ್ರೀಗಂಧದ ಎಣ್ಣೆ ಹಾಕಿದ್ದು, 'ಚರ್ಮದಷ್ಟೇ ಪಿಎಚ್, 5.5'. ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ. ದಿನಕ್ಕೆ ಐವತ್ತು ಸಲ ತೊಳೆದರೂ ಕೈ ಬೆಣ್ಣೆಯಂತೆ ಇರುತ್ತದೆ ಅಂತ ಬರೆದಿದ್ದರು. ಹೆಸರು ಹಾಕುವುದಿಲ್ಲ. ಹಾಕಬೇಕು ಅಂತ ಕೈ ತುಡಿಯುತ್ತದೆ, ಆದರೂ ಹಾಕುವುದಿಲ್ಲ. ಇಂಥವರು ಒಬ್ಬರಲ್ಲ, ನೂರಾರು ಜನ ಇದ್ದಾರೆ. ಮೆಸೇಜು ಹಾಕಿದೆ. ಎಷ್ಟು ಚೆನ್ನಾಗಿ ಮಾತಾಡಿದರು ಅಂತೀರಿ! "ಅತ್ತೆ ಸೇವೆ ಮಾಡ್ತಿದೀರಾ, ನಿಮ್ಮ ಕೈಗೆ ನಾವು ಒಳ್ಳೇದೇ ಕೊಡ್ತೀವಿ ಅಕ್ಕಾ" ಅಂದರು. ಆರು ಸೋಪಿಗೆ 999 ರೂಪಾಯಿ. ಫ್ರೆಶ್ ಇದೆಯಾ ಅಂತ ಕೇಳಿದೆ. "ಮೊನ್ನೆ ತಾನೇ ಮಾಡಿದ್ದು ಅಕ್ಕಾ, ಬಿಸಿಬಿಸಿ" ಅಂದರು. ಖುಷಿಯಾಯಿತು ನನಗೆ. ಈ 'ಮೊನ್ನೆ ತಾನೇ' ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಪಾರ್ಸಲ್ ಬಂತು. ಕಾವಿ ಬಣ್ಣದ ಬಟ್ಟೆ ಚೀಲ, ಸೆಣಬಿನ ದಾರ, ಒಣಗಿದ ಹೂವಿನ ಎಸಳು. ಸೋಪು ಸ್ವಲ್ಪ ಮೆತ್ತಗಿತ್ತು, ಬೆವರಿದ ಹಾಗೆ. ಅಲ್ಲಲ್ಲಿ ಬಿಳಿ ಕಾಳು. ನೊರೆ ಮಾತ್ರ ಜೋರು. ಮೊದಲ ದಿನವೇ ಎರಡು ಸೋಪು ಬಾತ್‌ರೂಮಿನಲ್ಲಿಟ್ಟು, ಅಕ್ಕನಿಗೂ "ಇನ್ನು ಇದನ್ನೇ ಬಳಸಿ, ನಿಮ್ಮ ಕೈಗೂ ಒಳ್ಳೆಯದು" ಅಂದೆ. ನಾನೇ ಅಂದೆ.

ಮೂರನೇ ದಿನ ಕೈ ಬಿಗಿದುಕೊಂಡಿತು. ಮುಷ್ಟಿ ಕಟ್ಟಿದರೆ ಚರ್ಮ ಎಳೆಯುತ್ತಿತ್ತು. ನಾಲ್ಕನೇ ದಿನ ಉರಿ. ಕೇಳಿದೆ. ಉತ್ತರವನ್ನು ಇದ್ದ ಹಾಗೇ ಹಾಕುತ್ತೇನೆ:

"ಅದು ಒಳ್ಳೇ ಲಕ್ಷಣ ಅಕ್ಕಾ. ಇಷ್ಟು ವರ್ಷ ಕಂಪನಿ ಸೋಪು ಹಾಕಿ ಹಾಕಿ ಒಳಗೆ ವಿಷ ಕೂತಿದೆ. ಈಗ ಹೊರಗೆ ಬರ್ತಿದೆ. ಎರಡು ವಾರ ತಡ್ಕೊಳ್ಳಿ."

ತಡೆದುಕೊಂಡೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ನಾನು ಬಿ.ಕಾಂ ಓದಿದವಳು. ಹತ್ತು ವರ್ಷ ಲೆಕ್ಕಪತ್ರ ನೋಡಿದವಳು. ಒಂದು ರೂಪಾಯಿ ವ್ಯತ್ಯಾಸ ಬಂದರೆ ಹಿಡಿಯುವವಳು. 'ವಿಷ ಹೊರಗೆ ಬರುತ್ತಿದೆ' ಅಂದರೆ ನಂಬಿದೆ. ಯಜಮಾನರು "ಮೊದಲು ಅದನ್ನು ಬಿಸಾಕು" ಅಂದಾಗ ಅವರ ಮೇಲೇ ರೇಗಿದೆ.

ಒಂಬತ್ತನೇ ದಿನ ಬೆರಳ ಗಂಟುಗಳ ಮೇಲೆ ಬಿರುಕು ಬಿಟ್ಟು ರಕ್ತ ಜಿನುಗಿತು. ಫೋಟೋ ಕಳಿಸಿದೆ. "ಅಯ್ಯೋ ಅಕ್ಕಾ, ನಿಮ್ಮದು ತುಂಬಾ ಸೂಕ್ಷ್ಮ ಚರ್ಮ. ಸೋಪಿನ ಜೊತೆ ನಮ್ಮ ಮುಲಾಮು ಹಚ್ಚಲೇಬೇಕು" ಅಂದರು. 450 ರೂಪಾಯಿ. ಅದನ್ನೂ ತರಿಸಿದೆ. ಕರ್ಪೂರದ ಘಾಟು, ಬಿರುಕಿನ ಮೇಲೆ ಹಚ್ಚಿದರೆ ಕಣ್ಣಲ್ಲಿ ನೀರು. "ಉರಿದರೆ ಕೆಲಸ ಮಾಡ್ತಿದೆ ಅಂತ ಅರ್ಥ." ಮತ್ತೆ ಅದೇ ಮಾತು. ಉರಿದರೆ ಒಳ್ಳೆಯದು, ಉರಿದರೆ ಒಳ್ಳೆಯದು.

ಇದರಲ್ಲಿ ನಿಜವಾದ ಅಪಾಯ ಏನು ಅಂದರೆ, ಕೈ ತೊಳೆಯಲು ಹೆದರಿಕೆ ಶುರುವಾಯಿತು. ಒಂದು ರಾತ್ರಿ ಎರಡು ಗಂಟೆಗೆ ಡೈಪರ್ ಬದಲಿಸಿದ ಮೇಲೆ ಬರೀ ನೀರಿನಲ್ಲಿ ಕೈ ಅದ್ದಿ ಒರೆಸಿಕೊಂಡೆ. ಸೋಪು ಮುಟ್ಟುವ ಧೈರ್ಯ ಬರಲಿಲ್ಲ. ಅದೇ ಕೈಯಲ್ಲಿ ಅತ್ತೆಯ ಟ್ಯೂಬು ಹಿಡಿದೆ. ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆಮೇಲೆ ಡಾಕ್ಟರು ಹೇಳಿದರು: ಒಡೆದ ಚರ್ಮದ ಬಿರುಕಿನಲ್ಲಿ ಬ್ಯಾಕ್ಟೀರಿಯಾ ಕೂರುತ್ತವೆ, ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಅಂದರೆ ರೋಗಿಗೆ ಸೋಂಕು ತಗಲಬಾರದು ಅಂತ ತಂದ ಸೋಪು, ಸೋಂಕಿಗೇ ದಾರಿ ಮಾಡುತ್ತಿತ್ತು.

18ನೇ ದಿನ ಅಕ್ಕ ಅಡುಗೆಮನೆಯಲ್ಲಿ ನಿಂಬೆಹಣ್ಣು ಹಿಂಡುವಾಗ "ಸ್ಸ್" ಅಂದರು. ಕೈ ತೋರಿಸಿ ಅಂದೆ. ಸೆರಗಿನಲ್ಲಿ ಮುಚ್ಚಿಕೊಂಡರು. ಬಿಡಿಸಿ ನೋಡಿದರೆ ನನಗಿಂತ ಕೆಟ್ಟದಾಗಿತ್ತು. ಹೆಬ್ಬೆರಳ ಬುಡದಲ್ಲಿ ಉದ್ದಕ್ಕೆ ಸೀಳು. ಯಾಕೆ ಹೇಳಲಿಲ್ಲ ಅಂದರೆ, "ನೀವು ಅಷ್ಟು ದುಡ್ಡು ಕೊಟ್ಟು ತರಿಸಿದ್ದೀರಿ, ಬೇಜಾರು ಮಾಡ್ಕೋತೀರಾ ಅಂತ" ಅಂದರು. ಅವತ್ತು ಅತ್ತುಬಿಟ್ಟೆ.

ಅದೇ ಸಂಜೆ ಮೋಸ ಬಯಲಾಯಿತು. ಬಯಲು ಮಾಡಿದ್ದು ಏಳನೇ ಕ್ಲಾಸಿನ ಮಗಳು. ವಿಜ್ಞಾನದ ಪಾಠದಲ್ಲಿ ಅರಿಶಿನದ ಕಾಗದ ಮಾಡುವುದಿದೆಯಲ್ಲ, ಆಮ್ಲ, ಪ್ರತ್ಯಾಮ್ಲ ಕಂಡುಹಿಡಿಯಲು. ಅರಿಶಿನ ಕಲಸಿ ಕಾಗದಕ್ಕೆ ಹಚ್ಚಿ ಒಣಗಿಸಿದ್ದಳು. ಸೀರೆ ಮೇಲಿನ ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಸುಣ್ಣ ಹಾಕಿದರೆ ಓಕುಳಿ ಕೆಂಪಾಗುವುದೂ ಹೀಗೇ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ, 5.5 ಪಿಎಚ್‌ನಲ್ಲಿ ಆಗುವುದಿಲ್ಲ. ಮಗಳು ಆ ಸೋಪಿನ ನೀರನ್ನು ಒಂದು ಹನಿ ಬಿಟ್ಟಳು. ಕುಂಕುಮದ ಹಾಗೆ ಕೆಂಪಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನ್ಯಾಯವಾಗಿ ಹೇಳುತ್ತೇನೆ, ಮನೆಯಲ್ಲಿದ್ದ ಅಂಗಡಿ ಸೋಪಿನ ನೀರು ಬಿಟ್ಟಾಗಲೂ ಕೆಂಪಾಯಿತು. ಅದರಲ್ಲಿ ತಪ್ಪಿಲ್ಲ. ಎಣ್ಣೆಗೆ ಕಾಸ್ಟಿಕ್ ಹಾಕಿ ಮಾಡಿದ ಯಾವ ಸೋಪಾದರೂ ಪಿಎಚ್ 9, 10ರ ಹತ್ತಿರವೇ ಇರುತ್ತದೆ. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದೇ ಇಲ್ಲ. ಆದರೆ ಆ ಅಂಗಡಿ ಸೋಪಿನವರು 5.5 ಅಂತ ಬರೆದಿರಲಿಲ್ಲ. ಕಾಸ್ಟಿಕ್ ಇಲ್ಲ ಅಂತ ಬರೆದಿರಲಿಲ್ಲ. ಇವರು ಬರೆದಿದ್ದರು. ಬರೆದು ದುಡ್ಡು ತೆಗೆದುಕೊಂಡಿದ್ದರು.

ಕಾಗದದ ಫೋಟೋ ಕಳಿಸಿದೆ. ಉತ್ತರ: "ಅದು ನಮ್ಮ ಸೋಪಲ್ಲಿರೋ ರಕ್ತಚಂದನದ ಬಣ್ಣ ಅಕ್ಕಾ." ಬಿಳಿ ಕಾಗದದ ಮೇಲೆ ಅದೇ ನೀರು ಬಿಟ್ಟು, ಬಣ್ಣವೇ ಬರದ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಉತ್ತರ ಇಲ್ಲ. ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ) ಎಷ್ಟು ಅಂತ ಕೇಳಿದೆ. "ಅದೆಲ್ಲ ಕಂಪನಿ ಸೋಪಿಗೆ." ಲೈಸೆನ್ಸ್ ನಂಬರ್ ಕೇಳಿದೆ. "ಮನೇಲಿ ಮಾಡೋದಕ್ಕೆ ಬೇಡ ಅಕ್ಕಾ." ದುಡ್ಡು ವಾಪಸ್ ಕೇಳಿದೆ. "ಬಳಸಿದ ಸೋಪು ವಾಪಸ್ ತಗೊಳಲ್ಲ. ಇಷ್ಟು ಜನಕ್ಕೆ ಆಗದ್ದು ನಿಮಗೇ ಯಾಕೆ ಆಯ್ತು? ನೀವು ಜಾಸ್ತಿ ಉಜ್ಜಿರಬೇಕು." ಜಾಸ್ತಿ ಉಜ್ಜಿರಬೇಕು! ಐವತ್ತು ಸಲ ತೊಳೆಯಿರಿ ಅಂತ ಬರೆದವರು ಇವರೇ ಅಲ್ವಾ? ಅದನ್ನೇ ಕೇಳಿದೆ. ಬ್ಲಾಕ್ ಮಾಡಿದರು. ಅಲ್ಲಿಯವರೆಗೆ ಮಾತು ಮಾತಿಗೆ 'ಅಕ್ಕಾ' ಅಂದವರು.

ಚರ್ಮದ ಡಾಕ್ಟರು ಕೈ ನೋಡಿದ ಕೂಡಲೇ ಇರಿಟೆಂಟ್ ಡರ್ಮಟೈಟಿಸ್ ಅಂದರು, ಅಂದರೆ ಪದೇ ಪದೇ ತಗುಲಿದ ವಸ್ತುವಿನಿಂದ ಚರ್ಮ ಕೆರಳಿ ಉರಿಯೂತವಾಗುವುದು. ನನಗೆ ಮತ್ತು ಅಕ್ಕನಿಗೆ ಇಬ್ಬರಿಗೂ. ದಿನಕ್ಕೆ 20ಕ್ಕಿಂತ ಜಾಸ್ತಿ ಸಲ ಕೈ ತೊಳೆಯುವವರಿಗೆ ಇದು ಬೇಗ ಬರುತ್ತದಂತೆ, ನರ್ಸುಗಳಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆಲ್ಲ. ನಮ್ಮ ಚರ್ಮ ತಾನಾಗೇ ಸ್ವಲ್ಪ ಆಮ್ಲೀಯ, ಪಿಎಚ್ 5ರ ಆಸುಪಾಸು. ಸೋಪು ಹಾಕಿದಾಗಲೆಲ್ಲ ಅದು ಏರುತ್ತದೆ, ಚರ್ಮದ ಎಣ್ಣೆ ಕಿತ್ತು ಹೋಗುತ್ತದೆ. ದಿನಕ್ಕೆ ನಾಲ್ಕು ಸಲವಾದರೆ ಚರ್ಮ ಸುಧಾರಿಸಿಕೊಳ್ಳುತ್ತದೆ. ಮೂವತ್ತು ಸಲವಾದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. "ವಿಷ ಹೊರಗೆ ಬರುವುದು ಅಂತ ಒಂದಿಲ್ಲಮ್ಮ, ಅದು ಚರ್ಮ ಸುಟ್ಟಿರುವುದು" ಅಂದರು.

ಈಗ ಆ 'ಮೊನ್ನೆ ತಾನೇ'. ಪರಿಚಯದವರೊಬ್ಬರು ಸೋಪು ಮಾಡುತ್ತಾರೆ, ಪ್ರಾಮಾಣಿಕರು. ಅವರಿಗೆ ಹೇಳಿದಾಗ ತಲೆ ಹಿಡಿದುಕೊಂಡರು. ಕೈಯಲ್ಲಿ ಮಾಡಿದ ಸೋಪನ್ನು 4ರಿಂದ 6 ವಾರ ಗಾಳಿಯಲ್ಲಿ ಆರಲು ಬಿಡಬೇಕು, ಆಗಲೇ ಸೋಪು ಗಟ್ಟಿಯಾಗಿ, ಚರ್ಮದ ಮೇಲೆ ಮೆದುವಾಗಿ ಕೆಲಸ ಮಾಡುವುದು. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಸಾಕು, ತೂಕ ತಪ್ಪಿ ಜಾಸ್ತಿಯಾದರೆ ಉಳಿದದ್ದು ಸೋಪಿನಲ್ಲೇ ಕೂರುತ್ತದೆ. ಬರೀ ಕೊಬ್ಬರಿ ಎಣ್ಣೆಯದ್ದಾದರೆ ನೊರೆ ಜೋರು, ಚರ್ಮ ಒಣಗಿಸುವುದೂ ಜೋರು. ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿಯ ಮೇಲೆ. 166 ರೂಪಾಯಿಯ ಸೋಪಿಗೆ ಶುದ್ಧ ಶ್ರೀಗಂಧ ಎಲ್ಲಿಂದ ಬರುತ್ತದೆ? ಮೈಸೂರು ಸೀಮೆಯವರಾದ ನಮಗೆ ಇಷ್ಟು ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ.

ನೀವು ಏನು ನೋಡಬೇಕು? ಸೋಪಿನ ಹಿಂಭಾಗ ನೋಡಿ, ಮುಂಭಾಗ ಅಲ್ಲ. ಮಾಡಿದವರ ವಿಳಾಸ, ಬ್ಯಾಚ್ ನಂಬರ್, ತಯಾರಿಕೆಯ ಲೈಸೆನ್ಸ್ ನಂಬರ್, ಎಷ್ಟರೊಳಗೆ ಬಳಸಬೇಕು, ಏನೇನು ಹಾಕಿದ್ದಾರೆ, ಇಷ್ಟೂ ಇರಬೇಕು. ಮನೆಯಲ್ಲಿ ಮಾಡಿ ಮಾರಿದರೂ ಇರಬೇಕು. ಟಾಯ್ಲೆಟ್ ಸೋಪಿನಲ್ಲಿ ಟಿಎಫ್‌ಎಂ ಶೇ. 76 ಅಥವಾ ಮೇಲಿದ್ದರೆ ಗ್ರೇಡ್ 1, 70 ಇದ್ದರೆ ಗ್ರೇಡ್ 2, 60 ಇದ್ದರೆ ಗ್ರೇಡ್ 3. 'ಬೇಥಿಂಗ್ ಬಾರ್' ಅಂತಿದ್ದರೆ ಅದು ಬೇರೆಯೇ ದರ್ಜೆ, ಟಿಎಫ್‌ಎಂ ಇನ್ನೂ ಕಡಿಮೆ ಇರಬಹುದು. ಆದರೆ ಗ್ರೇಡ್ 1 ಆದರೂ ಸೋಪು ಸೋಪೇ, ಕ್ಷಾರವೇ. ನನ್ನ ಹಾಗೆ ದಿನವಿಡೀ ತೊಳೆಯುವವರಿಗೆ ಡಾಕ್ಟರು ಹೇಳಿದ್ದು ಸಿಂಡೆಟ್ ಬಾರ್, ಅಂದರೆ ಎಣ್ಣೆ, ಕಾಸ್ಟಿಕ್ಕಿನ ಸೋಪಿನ ಬದಲು ಬೇರೆ ಮೆದು ಕ್ಲೆನ್ಸರಿನಿಂದ ಮಾಡಿದ್ದು, ವಾಸನೆ ಹಾಕದ್ದು. ಪಟ್ಟಿಯ ಮೊದಲಲ್ಲೇ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಅಂತಿರುತ್ತದೆ. ಅದು ನಮ್ಮ ಗಡಸು ನೀರಿನಲ್ಲೂ ಜಿಡ್ಡು ಪದರ ಬಿಡುವುದಿಲ್ಲ. ಸ್ವಲ್ಪ ದುಬಾರಿ, ಆದರೆ ಆ 999 ರೂಪಾಯಿಗಿಂತ ಅಗ್ಗ. ತಂದ ದಿನವೇ ಮಗಳ ಕಾಗದದ ಮೇಲೆ ಹನಿ ಬಿಟ್ಟೆವು. ಹಳದಿ ಹಳದಿಯಾಗೇ ಉಳಿಯಿತು.

ಕ್ರಿಮಿ ಕೊಲ್ಲುತ್ತದೆ ಅನ್ನುವ ಹೆಸರಿಗೂ ಜಾಸ್ತಿ ದುಡ್ಡು ಕೊಡಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಅನ್ನುವ ಕ್ರಿಮಿನಾಶಕ ಸೇರಿ 19 ರಾಸಾಯನಿಕಗಳನ್ನು ಇಂಥ ಸೋಪುಗಳಿಂದ ತೆಗೆಸಿತು. ಮಾಮೂಲಿ ಸೋಪು, ನೀರಿಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಕಂಪನಿಗಳು ಆಧಾರ ಕೊಟ್ಟಿರಲಿಲ್ಲ. ಬಿಸಿನೀರು ಬೇಡ. ತೊಳೆದ ಮೇಲೆ ಉಜ್ಜಬೇಡಿ, ಒತ್ತಿ ಒರೆಸಿ, ಕೂಡಲೇ ಕ್ರೀಮು ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಆದರೂ ನಡೆಯುತ್ತದೆ. ಇಷ್ಟೇ ನನಗೆ ಗೊತ್ತಿರುವುದು, ಇದಕ್ಕೆ 1,449 ರೂಪಾಯಿ ಮತ್ತು ಇಬ್ಬರ ಕೈ ಹೋಯಿತು.

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ್ದೇನೆ. ಅವರು ವಿಳಾಸ ಕೇಳಿದರು. ಚೀಲದ ಮೇಲೆ ವಿಳಾಸ ಇಲ್ಲ, ಯುಪಿಐ ರಸೀದಿ ಮಾತ್ರ ಇದೆ. ಅದನ್ನೇ ಕೊಟ್ಟಿದ್ದೇನೆ. ಉಳಿದ ನಾಲ್ಕು ಸೋಪು ಕವರಿನಲ್ಲಿ ಕಟ್ಟಿಟ್ಟಿದ್ದೇನೆ, ಸಾಕ್ಷಿಗೆ ಬೇಕಾಗಬಹುದು. ಅಕ್ಕನ ಔಷಧಿ ಖರ್ಚು ನಾನೇ ಕೊಡುತ್ತಿದ್ದೇನೆ. ಹೆಬ್ಬೆರಳ ಸೀಳು ಇನ್ನೂ ಪೂರ್ತಿ ಕೂಡಿಲ್ಲ.

ನಿನ್ನೆ ರಾತ್ರಿ ಯಜಮಾನರ ಫೋನಿನಲ್ಲಿ ಅವರ ಪುಟ ತೆರೆದು ನೋಡಿದೆ. ಅದೇ ಕಾವಿ ಚೀಲ, ಅದೇ 5.5. ಈ ಸಲ ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ: ಬಾಣಂತಿಯರಿಗೆ ಮತ್ತು ಎಳೆಮಕ್ಕಳಿಗೂ ಆಗುತ್ತದೆ ಅಂತ.